1972ರ ಆರನೇ ಆಟ: ಸ್ಪಾಸ್ಕಿ ಸೋತದ್ದು ಟಾರ್ಟಾಕೋವರ್ ರಕ್ಷಣೆಯಿಂದಲೋ, ಇಪ್ಪತ್ತನೇ ನಡೆಯಿಂದಲೋ?

ಬಿಳಿಒಂಟೆ

ಎಲ್ಲರಿಗೂ ನಮಸ್ಕಾರ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಬಾಬಿ ಫಿಶರ್ ಮತ್ತು ಬೋರಿಸ್ ಸ್ಪಾಸ್ಕಿ ಆಡಿದ ಚದುರಂಗದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಆರನೇ ಆಟದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಕಪ್ಪು ಕಾಯಿಗಳಿಂದ ಆಡುವಾಗ ಡಿ4 ನಡೆಗೆ ಉತ್ತರವಾಗಿ ಟಾರ್ಟಾಕೋವರ್ ರಕ್ಷಣೆಯನ್ನು (ಬಿ6 ಆಡಿ ಒಂಟೆಗೆ ಬಿ7ರ ದಾರಿ ತೆರೆಯುವ ಸಾಲು) ಕಲಿಯಬೇಕೆಂದು ಹೊರಟಿದ್ದೇನೆ. ಆದರೆ ಆ ರಕ್ಷಣೆಯ ಹೆಸರೆತ್ತಿದ ಕೂಡಲೇ ಎಲ್ಲರೂ ತೋರಿಸುವುದು ಅದು ಹೀನಾಯವಾಗಿ ಸೋತ ಈ ಆಟವನ್ನೇ.

ಫಿಶರ್ ಬಿಳಿ, ಸ್ಪಾಸ್ಕಿ ಕಪ್ಪು. ಮೊದಲ ಇಪ್ಪತ್ತು ನಡೆಗಳು ಹೀಗಿವೆ (× ಎಂದರೆ ಹೊಡೆಯುವುದು, ಕ್ಯಾಸ್ಲಿಂಗ್ ಎಂದರೆ ರಾಜನೂ ಆನೆಯೂ ಒಂದೇ ನಡೆಯಲ್ಲಿ ಸ್ಥಳ ಬದಲಿಸುವುದು, ಸಂಖ್ಯೆಯ ಮುಂದೆ ಮೂರು ಚುಕ್ಕಿಯಿದ್ದರೆ ಅದು ಕಪ್ಪಿನ ನಡೆ): 1. ಸಿ4 ಇ6 2. ಕುದುರೆ ಎಫ್3 ಡಿ5 3. ಡಿ4 ಕುದುರೆ ಎಫ್6 4. ಕುದುರೆ ಸಿ3 ಒಂಟೆ ಇ7 5. ಒಂಟೆ ಜಿ5 ಕ್ಯಾಸ್ಲಿಂಗ್ 6. ಇ3 ಎಚ್6 7. ಒಂಟೆ ಎಚ್4 ಬಿ6 8. ಸಿ×ಡಿ5 ಕುದುರೆ×ಡಿ5 9. ಒಂಟೆ×ಇ7 ರಾಣಿ×ಇ7 10. ಕುದುರೆ×ಡಿ5 ಇ×ಡಿ5 11. ಆನೆ ಸಿ1 ಒಂಟೆ ಇ6 12. ರಾಣಿ ಎ4 ಸಿ5 13. ರಾಣಿ ಎ3 ಆನೆ ಸಿ8 14. ಒಂಟೆ ಬಿ5 ಎ6 15. ಡಿ×ಸಿ5 ಬಿ×ಸಿ5 16. ಕ್ಯಾಸ್ಲಿಂಗ್ ಆನೆ ಎ7 17. ಒಂಟೆ ಇ2 ಕುದುರೆ ಡಿ7 18. ಕುದುರೆ ಡಿ4 ರಾಣಿ ಎಫ್8 19. ಕುದುರೆ×ಇ6 ಎಫ್×ಇ6 20. ಇ4 ಡಿ4.

ಇಲ್ಲಿಂದ ಮುಂದೆ ಬಿಳಿಯ ಇ ಮತ್ತು ಎಫ್ ಪದಾತಿಗಳು ನಡುವಿನಲ್ಲಿ ನುಗ್ಗುತ್ತವೆ, ಒಂಟೆ ಸಿ4ರಲ್ಲಿ ಕೂರುತ್ತದೆ, 41ನೇ ನಡೆಯಲ್ಲಿ ಸ್ಪಾಸ್ಕಿ ಸೋಲೊಪ್ಪುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಈ ಸೋಲಿಗೆ ಓಪನಿಂಗ್ (ಆಟದ ಆರಂಭದ ನಡೆಗಳು) ಕಾರಣವೇ, ಅಥವಾ ಓಪನಿಂಗ್ ಮುಗಿದ ಮೇಲೆ ಆಡಿದ ನಡೆಗಳು ಕಾರಣವೇ? ಸಿ5 ಮತ್ತು ಡಿ5ರಲ್ಲಿ ಬೇರೆ ಪದಾತಿಯ ಆಸರೆಯಿಲ್ಲದೆ ನಿಲ್ಲುವ ಆ ಜೋಡಿ ಪದಾತಿಗಳೇ ಕಪ್ಪಿನ ಶಾಪವಾದರೆ, ನಾನು ಬೇರೆ ರಕ್ಷಣೆಯನ್ನು ಹುಡುಕಿಕೊಳ್ಳುವುದು ಒಳಿತಲ್ಲವೇ?

ಗಡಿಯಾರ

ಓಪನಿಂಗ್ ಕಾರಣವಲ್ಲ, ಇಪ್ಪತ್ತನೇ ನಡೆ ಕಾರಣ. ಡಿ4 ಆಡಿದ ಕ್ಷಣದಲ್ಲಿ ಕಪ್ಪು ತನ್ನ ಕೈಯಾರೆ ಸಿ4 ಮನೆಯನ್ನು ಬಿಳಿ ಒಂಟೆಗೆ ಬಿಟ್ಟುಕೊಟ್ಟಿತು. ಇದರಲ್ಲಿ ಚರ್ಚೆಗೆ ಹೆಚ್ಚು ಅವಕಾಶವಿದೆಯೆಂದು ನನಗೆ ಅನ್ನಿಸುವುದಿಲ್ಲ.

ಮೂರನೇಸಾಲು

ಗಡಿಯಾರ ಅವರೇ, ಅಷ್ಟು ಸುಲಭವಾಗಿ ಮುಗಿಸಿಬಿಡಬೇಡಿ. ಇಪ್ಪತ್ತನೇ ನಡೆಗೆ ಬರುವ ಹೊತ್ತಿಗಾಗಲೇ ಕಪ್ಪಿನ ಸ್ಥಿತಿ ಅಹಿತಕರವಾಗಿತ್ತು, ಅದಕ್ಕೆ ಬೀಜ ಬಿದ್ದದ್ದು 14ನೇ ನಡೆಯಲ್ಲಿ. ಬಿಳಿಯ ರಾಣಿ ಎ3ರಲ್ಲಿ ನಿಂತು ಸಿ5 ಪದಾತಿಯನ್ನು ಇ7ರ ರಾಣಿಗೆ ಕಟ್ಟಿಹಾಕಿದೆ (ಪದಾತಿ ಪಕ್ಕಕ್ಕೆ ಹೊಡೆದರೆ ಹಿಂದಿನ ರಾಣಿ ಹೋಗುತ್ತದೆ), ಒಂಟೆ ಬಿ5ಕ್ಕೆ ಬಂದು ಬಿ8ರ ಕುದುರೆಯ ಸಹಜ ದಾರಿಗೆ ಅಡ್ಡ ನಿಂತಿದೆ. ಅಲ್ಲಿ ಸ್ಪಾಸ್ಕಿ ಎ6 ಆಡಿದರು. ಆದರೆ ಎ ನೇರಸಾಲಿನಲ್ಲಿ ಬಿಳಿ ರಾಣಿ ಇರುವ ತನಕ ಎ6ರ ಪದಾತಿ ಒಂಟೆಯನ್ನು ಹೊಡೆಯುವಂತಿಲ್ಲ, ಏಕೆಂದರೆ ಹೊಡೆದರೆ ಎ8ರ ಆನೆ ಹೋಗುತ್ತದೆ. ಹಾಗಾಗಿ ಆ ಆನೆಯನ್ನು ಎ7ಕ್ಕೆ ಸರಿಸಬೇಕಾಯಿತು, ಅಲ್ಲಿ ಅದು ಮಾಡುವ ಕೆಲಸ ಏನೂ ಇರಲಿಲ್ಲ. ಒಂದು ಪದಾತಿಯನ್ನು ದುರ್ಬಲಗೊಳಿಸಿ, ಆನೆಯನ್ನು ಮೂಲೆಗೆ ತಳ್ಳಿ, ಪ್ರತಿಯಾಗಿ ಪಡೆದದ್ದು ಬಿಳಿ ಒಂಟೆ ಇ2ಕ್ಕೆ ಹಿಂದಿರುಗಿದ್ದು ಮಾತ್ರ.

ಇದಕ್ಕೆ ಸರಿಯಾದ ಉತ್ತರ ಮರುವರ್ಷವೇ ಹಲಗೆಯ ಮೇಲೆ ಕಾಣಿಸಿತು. 1973ರಲ್ಲಿ ಹಿಲ್ವರ್ಸಮ್‌ನಲ್ಲಿ ಯಾನ್ ಟಿಮ್ಮನ್ ವಿರುದ್ಧ ಯೆಫಿಮ್ ಗೆಲ್ಲರ್ ಇದೇ ಸ್ಥಿತಿಯಲ್ಲಿ 14... ರಾಣಿ ಬಿ7 ಆಡಿದರು. ರಾಣಿ ಕಟ್ಟಿನಿಂದ ಬಿಡಿಸಿಕೊಂಡಿತು, ಎ8ರ ಆನೆಗೂ ಕಾವಲಾಯಿತು. ಈಗ ಸಿ4 ಆಡಿ, ಆಮೇಲೆ ಎ6, ಬಿ5 ಎಂದು ಒಂಟೆಯನ್ನು ಬಲೆಗೆ ಕೆಡಹುವ ಬೆದರಿಕೆ ನಿಜವಾದದ್ದು. ಟಿಮ್ಮನ್ 15. ಡಿ×ಸಿ5 ಬಿ×ಸಿ5 16. ಆನೆ×ಸಿ5 ಆನೆ×ಸಿ5 17. ರಾಣಿ×ಸಿ5 ಎಂದು ಪದಾತಿಯನ್ನು ತೆಗೆದುಕೊಂಡರು. ಗೆಲ್ಲರ್ 17... ಕುದುರೆ ಎ6 ಆಡಿದರು. 18. ಒಂಟೆ×ಎ6 ರಾಣಿ×ಎ6 ಆದ ಮೇಲೆ ಕಪ್ಪು ರಾಣಿ ಎಫ್1 ಮನೆಯ ಮೇಲೆ ಕಣ್ಣಿಟ್ಟಿರುವುದರಿಂದ ಬಿಳಿ ರಾಜನಿಗೆ ಕ್ಯಾಸ್ಲಿಂಗ್ ಇಲ್ಲ, ನಡುವಿನಲ್ಲೇ ಸಿಕ್ಕಿಬೀಳಬೇಕು. ಒಂದು ಪದಾತಿಗೆ ಇದಕ್ಕಿಂತ ಒಳ್ಳೆಯ ಬೆಲೆ ಸಿಗುವುದು ಅಪರೂಪ. ಗೆಲ್ಲರ್ ಗೆದ್ದರು.

ಹಳೆಯಪಟ

ಇದಕ್ಕೊಂದು ಹಿನ್ನೆಲೆಯನ್ನು ಸೇರಿಸಬಯಸುತ್ತೇನೆ. ಗೆಲ್ಲರ್ 1972ರಲ್ಲಿ ಸ್ಪಾಸ್ಕಿಯ ಸಹಾಯಕರಾಗಿ ರೇಕ್ಯಾವಿಕ್‌ನಲ್ಲಿಯೇ ಇದ್ದರು. 14. ಒಂಟೆ ಬಿ5 ಫಿಶರ್ ಅವರ ಸ್ವಂತ ಶೋಧವೂ ಅಲ್ಲ, ಅದನ್ನು 1970ರಲ್ಲಿ ಸೆಮ್ಯೋನ್ ಫುರ್ಮನ್ ಆಡಿದ್ದು ಇದೇ ಗೆಲ್ಲರ್ ವಿರುದ್ಧ. ಅಂದರೆ ಈ ನಡೆಯ ಬಿಸಿಯನ್ನು ಎದುರಾಳಿಯ ಕುರ್ಚಿಯಲ್ಲಿ ಕುಳಿತು ಅನುಭವಿಸಿದ್ದ ವ್ಯಕ್ತಿಯೇ ಸ್ಪಾಸ್ಕಿಯ ಪಾಳೆಯದಲ್ಲಿದ್ದರು. ಫಿಶರ್ ಸೋವಿಯತ್ ಚದುರಂಗ ಪತ್ರಿಕೆಗಳನ್ನು ಓದುವುದಕ್ಕೆಂದೇ ರಷ್ಯನ್ ಕಲಿತವರು, ಆದ್ದರಿಂದ ಅಂಥ ಆಟ ಅವರ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಕುದುರೆನಡೆ

ಗೆಲ್ಲರ್ ಪಂದ್ಯಕ್ಕೆ ಮೊದಲೇ ರಾಣಿ ಬಿ7 ನಡೆಯನ್ನು ಸ್ಪಾಸ್ಕಿಗೆ ತೋರಿಸಿದ್ದರು, ಸ್ಪಾಸ್ಕಿ ಹಲಗೆಯ ಮುಂದೆ ಅದನ್ನು ಮರೆತರು ಎಂಬ ಕಥೆಯೂ ಪ್ರಚಲಿತವಾಗಿದೆಯಲ್ಲವೇ?

ಹಳೆಯಪಟ

ಕಥೆ ಪ್ರಚಲಿತವಾಗಿದೆ ನಿಜ. ಆದರೆ ಅದರ ಆಧಾರದ ಮೇಲೆ ತೀರ್ಪು ಕೊಡುವುದು ಬೇಡವೆಂದು ನನ್ನ ಮನವಿ. ಗೆಲ್ಲರ್ ಆ ನಡೆಯನ್ನು ಬಹಿರಂಗವಾಗಿ ಆಡಿದ್ದು 1973ರಲ್ಲಿ ಎಂಬುದಷ್ಟೇ ನಮ್ಮ ವಾದಕ್ಕೆ ಸಾಕು.

ಗಡಿಯಾರ

ಮೂರನೇಸಾಲು ಅವರ ವಿವರಣೆ ಅಚ್ಚುಕಟ್ಟಾಗಿದೆ, ಆದರೂ ನನ್ನ ಮಾತನ್ನು ನಾನು ಬಿಡಲಾರೆ. ರಾಣಿ ಬಿ7 ಉತ್ತಮ ನಡೆ ಎಂಬುದು ಬೇರೆ, ಎ6 ಸೋಲಿನ ನಡೆ ಎಂಬುದು ಬೇರೆ. ಎ6 ಆದ ಮೇಲೂ ಕಪ್ಪು ಆಡಬಹುದಾದ ಸ್ಥಿತಿಯಲ್ಲಿಯೇ ಇತ್ತು. 16ನೇ ನಡೆಯಲ್ಲಿಯೂ ಆನೆಯನ್ನು ಎ7ಕ್ಕೆ ಕಳುಹಿಸುವ ಬದಲು ರಾಣಿಯನ್ನು ಬಿ7ಕ್ಕೆ ಸರಿಸಬಹುದಿತ್ತು. 20ನೇ ನಡೆಗೆ ಬಂದ ಮೇಲೂ ಸಿ4 ಆಡಬಹುದಿತ್ತು. ಸಿ4ರಲ್ಲಿ ಕಪ್ಪು ಪದಾತಿಯೇ ನಿಂತಿದ್ದರೆ ಬಿಳಿ ಒಂಟೆ ಅಲ್ಲಿಗೆ ಬರುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಎ3ರಿಂದ ಎಫ್8ರವರೆಗಿನ ಓರೆಸಾಲು ತೆರೆದುಕೊಳ್ಳುವುದರಿಂದ ರಾಣಿಗಳ ವಿನಿಮಯವೂ ಎದುರಿಗೆ ನಿಲ್ಲುತ್ತಿತ್ತು, ವಿನಿಮಯವಾದರೆ ಕಪ್ಪು ರಾಜನ ಮೇಲೆ ಮುಂದೆ ನಡೆದ ದಾಳಿಗೆ ಆಸ್ಪದವೇ ಇರುತ್ತಿರಲಿಲ್ಲ. ಬಿಳಿ ರಾಣಿ ಪಕ್ಕಕ್ಕೆ ಸರಿದಿದ್ದರೆ ಡಿ5 ಮತ್ತು ಇ4 ಪದಾತಿಗಳ ನಡುವಿನ ಸೆಣಸಾಟ ಉಳಿಯುತ್ತಿತ್ತು.

ಆದದ್ದೇನು? ಡಿ4 ಆಡಿದ ಮೇಲೆ ಆ ಸೆಣಸಾಟ ಮುಗಿಯಿತು. ಬಿಳಿಯ ಇ ಮತ್ತು ಎಫ್ ಪದಾತಿಗಳನ್ನು ತಡೆಯುವವರೇ ಇಲ್ಲವಾದರು. ಕಪ್ಪಿನ ಡಿ4 ಪದಾತಿ ದಾರಿ ತೆರೆದುಕೊಂಡದ್ದು ಎಂದು ಹೇಳಬಹುದು, ಆದರೆ ಅದು ಆಟದ ಕೊನೆಯವರೆಗೆ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

ಹೊಸಕಲಿಕೆ

ಒಂದು ಸಂದೇಹ. 20... ಡಿ×ಇ4 ಎಂದು ಹೊಡೆದುಬಿಟ್ಟಿದ್ದರೆ ಏನಾಗುತ್ತಿತ್ತು? ಒಂದು ಪದಾತಿ ಸಿಗುತ್ತದಲ್ಲವೇ?

ಮೂರನೇಸಾಲು

ಸಿಗುತ್ತದೆ, ಆದರೆ ಉಳಿಯುವುದಿಲ್ಲ. ಇ4, ಇ6, ಸಿ5, ಎ6 ಹೀಗೆ ನಾಲ್ಕೂ ಪದಾತಿಗಳು ಒಂಟಿಯಾಗಿ, ಯಾವುದೂ ಯಾವುದನ್ನೂ ಕಾಯದಂತೆ ನಿಲ್ಲುತ್ತವೆ. ಬಿಳಿ ಅವುಗಳನ್ನು ಅವಸರವಿಲ್ಲದೆ ಒಂದೊಂದಾಗಿ ಕಿತ್ತುಕೊಳ್ಳುತ್ತದೆ.

ಕೊನೆಯಾಟ

ನೀವೆಲ್ಲರೂ ಸ್ಪಾಸ್ಕಿ ಎಲ್ಲಿ ಎಡವಿದರು ಎಂಬುದನ್ನಷ್ಟೇ ಹುಡುಕುತ್ತಿದ್ದೀರಿ. ಫಿಶರ್ ಏನು ಮಾಡಿದರು ಎಂಬುದನ್ನೂ ನೋಡಬೇಕಲ್ಲವೇ? 18. ಕುದುರೆ ಡಿ4 ಎಷ್ಟು ಸೊಗಸಾದ ನಡೆ! ಸಿ5 ಪದಾತಿ ಕಟ್ಟಿಗೆ ಒಳಗಾಗಿರುವುದರಿಂದ ಕುದುರೆಯನ್ನು ಹೊಡೆಯುವಂತಿಲ್ಲ, ಹೊಡೆದರೆ ಇ7ರ ರಾಣಿ ಹೋಗುತ್ತದೆ. ಆ ಕುದುರೆ ಮರುನಡೆಯಲ್ಲೇ ಇ6ರ ಒಂಟೆಯನ್ನು ತೆಗೆಯುತ್ತದೆ. ಆ ಜೋಡಿ ಪದಾತಿಗಳಿಗೆ ಪ್ರಾಣವಾಗಿದ್ದದ್ದು ಅದೇ ಒಂಟೆ. ಅದು ಹೋದ ಮೇಲೆ ಬಿಳಿ ಮನೆಗಳನ್ನು ಕಾಯುವ ಒಂಟೆ ಕಪ್ಪಿನ ಬಳಿ ಇಲ್ಲ, ಬಿಳಿಯ ಬಳಿ ಮಾತ್ರ ಆ ಮನೆಗಳಲ್ಲಿ ಓಡಾಡುವ ಒಂಟೆ ಇದೆ. ಒಳ್ಳೆಯ ಜಾಗದಲ್ಲಿರುವ ಕುದುರೆಯನ್ನು ಕೊಟ್ಟು, ಅಷ್ಟೇನೂ ಚುರುಕಾಗಿ ಕಾಣದ ಒಂಟೆಯನ್ನು ತೆಗೆಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅದಕ್ಕಿಂತಲೂ ನನ್ನನ್ನು ಸೆಳೆಯುವುದು ಕೊನೆಯ ಭಾಗ. 26. ಎಫ್5 ಎಂದು ಸಾಲು ತೆರೆದು, ಎರಡೂ ಆನೆಗಳನ್ನು ಎಫ್ ನೇರಸಾಲಿಗೆ ತಂದು, 30. ಎಚ್4 ಎಂದು ಕಪ್ಪು ಕುದುರೆಯಿಂದ ಜಿ5 ಮನೆಯನ್ನು ಕಿತ್ತುಕೊಂಡು, 31. ಇ6, 32. ರಾಣಿ ಇ5 ಎಂದು ನಡುವಿನಲ್ಲಿ ನೆಲೆನಿಂತ ಮೇಲೆ ಫಿಶರ್ ಧಾವಂತಪಡುವುದಿಲ್ಲ. 33. ಎ4, 34. ಆನೆ ಎಫ್1-ಎಫ್2, 35. ಆನೆ ಎಫ್2-ಎಫ್3, 36. ಒಂಟೆ ಡಿ3 ಎಂದು ಒಂದೊಂದೇ ಕಾಯಿಯನ್ನು ಸರಿಪಡಿಸಿಕೊಳ್ಳುತ್ತಾರೆ. ಅತ್ತ ಸ್ಪಾಸ್ಕಿಯ ರಾಣಿ ಇ8, ಡಿ8, ಇ8, ಡಿ8 ಎಂದು ಅಲ್ಲಿಂದಿಲ್ಲಿಗೆ ಓಡಾಡುತ್ತಿರುತ್ತದೆ, ಬೇರೆ ಆಡಲು ಏನೂ ಉಳಿದಿಲ್ಲ. 37. ರಾಣಿ ಇ4 ಬಂದ ಕೂಡಲೇ ಆನೆ ಎಫ್8ರ ಬಲಿಯ ಬೆದರಿಕೆ: ಎಫ್8ರಲ್ಲಿ ಎರಡು ಆನೆಗಳನ್ನು ಕೊಟ್ಟು ಎಚ್7ರಲ್ಲಿ ಮಾತ್. ಅದನ್ನು ತಡೆಯಲು 37... ಕುದುರೆ ಎಫ್6 ಆಡಿದರೆ 38. ಆನೆ×ಎಫ್6 ಜಿ×ಎಫ್6 39. ಆನೆ×ಎಫ್6 ರಾಜ ಜಿ8 40. ಒಂಟೆ ಸಿ4 ರಾಜ ಎಚ್8 41. ರಾಣಿ ಎಫ್4. ಅಲ್ಲಿಗೆ ಮುಗಿಯಿತು.

ಎದುರಾಳಿಗೆ ಪ್ರತಿದಾಳಿಯ ದಾರಿಯೇ ಇಲ್ಲದಿರುವಾಗ ಅವಸರಪಡದೆ ಇರುವುದು ಎಂದರೇನು ಎಂಬುದನ್ನು ಈ ನಾಲ್ಕು ನಡೆಗಳಲ್ಲಿ ಕಲಿತಷ್ಟು ನಾನು ಬೇರೆಲ್ಲಿಯೂ ಕಲಿತಿಲ್ಲ.

ಕುದುರೆನಡೆ

ಆಟ ಮುಗಿದಾಗ ಸಭಾಂಗಣದಲ್ಲಿ ಚಪ್ಪಾಳೆ ಮೊಳಗಿತು, ಸೋತ ಸ್ಪಾಸ್ಕಿ ತಾವೂ ಎದ್ದು ನಿಂತು ಆ ಚಪ್ಪಾಳೆಗೆ ಕೈಗೂಡಿಸಿದರು. ವಿಶ್ವ ಚಾಂಪಿಯನ್ ಒಬ್ಬರು ತಮ್ಮ ಪಟ್ಟವೇ ಪಣಕ್ಕಿರುವ ಪಂದ್ಯದಲ್ಲಿ ಹೀಗೆ ಮಾಡಿದ್ದನ್ನು ನೆನೆದಾಗಲೆಲ್ಲ ಅವರ ಬಗೆಗಿನ ಗೌರವ ಹೆಚ್ಚುತ್ತದೆ.

ಎಂಟನೇಮನೆ

ಓಪನಿಂಗ್ ಚರ್ಚೆಯಲ್ಲಿ ಯಾರೂ ಇನ್ನೂ ಎತ್ತದ ಒಂದು ಆಟವಿದೆ, ಅದಿಲ್ಲದೆ ಈ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ. 1962ರಲ್ಲಿ ಸ್ಟಾಕ್‌ಹೋಮ್‌ನ ಇಂಟರ್‌ಜೋನಲ್ (ವಿಶ್ವ ಪಟ್ಟದ ಅರ್ಹತಾ) ಟೂರ್ನಿಯಲ್ಲಿ ಮಾರಿಯೋ ಬೆರ್ಟೋಕ್ ವಿರುದ್ಧ ಕಪ್ಪು ಕಾಯಿಗಳಿಂದ ಆಡಿದವರು ಸ್ವತಃ ಫಿಶರ್. ಹತ್ತನೇ ನಡೆಯ ಹೊತ್ತಿಗೆ ಬಂದದ್ದು ರೇಕ್ಯಾವಿಕ್‌ನಲ್ಲಿ ಬಂದ ಸ್ಥಿತಿಯೇ. ಬೆರ್ಟೋಕ್ 11. ಒಂಟೆ ಇ2 ಆಡಿದರು, ಫಿಶರ್ 11... ಒಂಟೆ ಇ6 ಎಂದು ಉತ್ತರಿಸಿದರು. 12. ಕ್ಯಾಸ್ಲಿಂಗ್ ಸಿ5 13. ಡಿ×ಸಿ5 ಬಿ×ಸಿ5 14. ರಾಣಿ ಎ4 ರಾಣಿ ಬಿ7. ಗಮನಿಸಿ, ಇಲ್ಲಿಯೂ ರಾಣಿ ಬಿ7! ಆಮೇಲೆ 15. ರಾಣಿ ಎ3 ಕುದುರೆ ಡಿ7 16. ಕುದುರೆ ಇ1 ಎ5 17. ಕುದುರೆ ಡಿ3 ಸಿ4 18. ಕುದುರೆ ಎಫ್4 ಆನೆ ಎಫ್8-ಬಿ8. ತೆರೆದ ಬಿ ನೇರಸಾಲಿನಲ್ಲಿ ರಾಣಿಯೂ ಆನೆಯೂ ಒಟ್ಟಾಗಿ ಬಿ2 ಪದಾತಿಯ ಮೇಲೆ ಎರಗುತ್ತವೆ. ಫಿಶರ್ ಆ ಆಟವನ್ನು ಸುಂದರವಾಗಿ ಗೆದ್ದರು.

ಹಾಗಾದರೆ 1972ರಲ್ಲಿ ಫಿಶರ್ ಕುಳಿತದ್ದು ಅಪರಿಚಿತ ಓಪನಿಂಗ್‌ನ ಮುಂದೆ ಅಲ್ಲ. ಕಪ್ಪಿನ ಶಕ್ತಿ ಎಲ್ಲಿದೆ ಎಂಬುದನ್ನು ಹತ್ತು ವರ್ಷಗಳ ಹಿಂದೆಯೇ ಕಪ್ಪಿನ ಕಡೆಯಿಂದ ಆಡಿ ತಿಳಿದವರು ಅವರು. ಅದಕ್ಕಾಗಿಯೇ ಬೆರ್ಟೋಕ್ ಅವರಂತೆ ಮೊದಲು ಕ್ಯಾಸ್ಲಿಂಗ್ ಮಾಡುತ್ತಾ ಕೂರದೆ, 11. ಆನೆ ಸಿ1, 12. ರಾಣಿ ಎ4, 13. ರಾಣಿ ಎ3 ಎಂದು ಸಿ5 ಪದಾತಿಯ ಮೇಲೆ ನೇರವಾಗಿ ಕೈಯಿಟ್ಟರು. ಎದುರಾಳಿಯ ರಾಣಿಯನ್ನು ಇ7ರಲ್ಲೇ ಕಟ್ಟಿಹಾಕಿದರೆ ಅದು ಬಿ7ಕ್ಕೆ ಹೋಗಿ ಬಿ ನೇರಸಾಲನ್ನು ಹಿಡಿಯುವುದು ಕಷ್ಟ ಎಂಬ ತಿಳಿವು ಇದರ ಹಿಂದಿದೆ. ಬಿಳಿಒಂಟೆ ಅವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಆ ಜೋಡಿ ಪದಾತಿಗಳು ಶಾಪವೂ ಅಲ್ಲ, ವರವೂ ಅಲ್ಲ. ಒಂದೇ ಪದಾತಿ ರಚನೆಯಲ್ಲಿ ಒಬ್ಬರೇ ಆಟಗಾರ ಎರಡೂ ಕಡೆಯಿಂದ ಗೆದ್ದಿದ್ದಾರೆ. ಕಾಯಿಗಳು ಎಲ್ಲಿ ನಿಂತಿವೆ ಎಂಬುದೇ ಮುಖ್ಯ.

ಬಿಳಿಒಂಟೆ

ಎಂಟನೇಮನೆ ಅವರೇ, ಈ ಎರಡು ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆದ ಸಂತೋಷವನ್ನು ಹೇಳತೀರದು. 1962ರಲ್ಲಿ ಕಪ್ಪು ಪದಾತಿ ಸಿ4ಕ್ಕೆ ಹೋಯಿತು, 1972ರಲ್ಲಿ ಡಿ4ಕ್ಕೆ ಹೋಯಿತು. ಹಾಗಾದರೆ ಈ ರಚನೆಯಲ್ಲಿ ಡಿ4 ಆಡುವುದೇ ತಪ್ಪು, ಯಾವಾಗಲೂ ಸಿ4 ಆಡಬೇಕು ಎಂದು ನಿಯಮ ಮಾಡಿಕೊಳ್ಳಬಹುದೇ?

ಎಂಟನೇಮನೆ

ದಯವಿಟ್ಟು ಹಾಗೆ ಮಾಡಿಕೊಳ್ಳಬೇಡಿ. 1981ರಲ್ಲಿ ಮೆರಾನೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಮೊದಲ ಆಟವನ್ನು ತೆಗೆದು ನೋಡಿ. ವಿಕ್ಟರ್ ಕೊರ್ಚ್ನೋಯ್ ಬಿಳಿ, ಅನತೋಲಿ ಕಾರ್ಪೋವ್ ಕಪ್ಪು, ರಕ್ಷಣೆ ಟಾರ್ಟಾಕೋವರ್. ಅಲ್ಲಿಯೂ ಸಿ5, ಡಿ5ರ ಜೋಡಿ ಪದಾತಿಗಳೇ ಬಂದವು. ಕೊರ್ಚ್ನೋಯ್ ಡಿ ನೇರಸಾಲಿನಲ್ಲಿ ಆನೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಒಂಟೆಯನ್ನು ಬಿ1ಕ್ಕೆ ಒಯ್ದು, ಡಿ5 ಪದಾತಿಯನ್ನು ಮುತ್ತುತ್ತಾ ಬಂದರು. 24ನೇ ನಡೆಯಲ್ಲಿ ಕಾರ್ಪೋವ್ ಡಿ4 ಆಡಿದರು, ಆ ಒಂದು ನಡೆಯಿಂದ ಆಟದ ದಿಕ್ಕೇ ಬದಲಾಯಿತು. ಮುಂದೆ ಡಿ×ಇ3, ಸಿ4 ಎಂದು ಬಿಳಿಯ ಪದಾತಿಗಳನ್ನು ಒಡೆದು, ಕಪ್ಪು ಗೆದ್ದಿತು.

ವ್ಯತ್ಯಾಸ ಎಲ್ಲಿದೆ? ಕಾರ್ಪೋವ್ ಡಿ4 ಆಡಿದಾಗ ಅವರ ಒಂಟೆ ಬಿ7ರಲ್ಲಿ ಇತ್ತು, ಡಿ5 ಖಾಲಿಯಾದ ಕೂಡಲೇ ಅದರ ಓರೆಸಾಲು ಬಿಳಿ ರಾಜನ ಕಡೆಗೆ ತೆರೆದುಕೊಂಡಿತು. ಆನೆಗಳು ಸಿ8 ಮತ್ತು ಡಿ8ರಲ್ಲಿ, ಪದಾತಿಗಳ ಬೆನ್ನಿಗೇ ನಿಂತಿದ್ದವು. ಅದು ಸಾಲುಗಳನ್ನು ತೆರೆದ ಡಿ4. ಸ್ಪಾಸ್ಕಿ ಆಡಿದ ಡಿ4 ನಡುವನ್ನು ಮುಚ್ಚಿತು. ಅವರ ಒಂಟೆ ಹೋಗಿ ಒಂದು ನಡೆ ಆಗಿತ್ತು, ಆನೆ ಎ7ರಲ್ಲಿ, ಕುದುರೆ ಡಿ7ರಲ್ಲಿ ಕುಳಿತಿದ್ದವು. ಅದೇ ಪದಾತಿ, ಅದೇ ಮನೆ, ಆದರೆ ಹಿಂದೆ ನಿಂತ ಸೈನ್ಯ ಬೇರೆ.

ಗಡಿಯಾರ

ಇದನ್ನು ಒಪ್ಪುತ್ತೇನೆ. ನಾನು ಡಿ4 ತಪ್ಪು ಎಂದದ್ದು ಆ ಸ್ಥಿತಿಯನ್ನು ಕುರಿತೇ ಹೊರತು ಎಲ್ಲ ಸ್ಥಿತಿಗಳಿಗೂ ಅನ್ವಯಿಸಿ ಅಲ್ಲ.

ಕಪ್ಪುರಾಜ

ನೀವೆಲ್ಲರೂ ಹಲಗೆಯ ಮೇಲಿನ ಕಾರಣಗಳನ್ನು ಮಾತ್ರ ಹೇಳುತ್ತಿದ್ದೀರಿ. ಆದರೆ ಇದು ಸ್ಪರ್ಧೆಯ ಆಟ, ಸ್ಪರ್ಧೆಯಲ್ಲಿ ಮನುಷ್ಯರು ಆಡುತ್ತಾರೆ. ಫಿಶರ್ ಮೊದಲ ಆಟವನ್ನು ಸೋತರು, ಎರಡನೆಯದಕ್ಕೆ ಬರಲೇ ಇಲ್ಲ. ಸ್ಪಾಸ್ಕಿ 2-0 ಮುಂದಿದ್ದರು. ಮೂರನೇ ಆಟದಲ್ಲಿ ಫಿಶರ್ ಗೆದ್ದರು, ಅದು ಅವರು ಸ್ಪಾಸ್ಕಿ ವಿರುದ್ಧ ಗಳಿಸಿದ ಮೊದಲ ಗೆಲುವು. ನಾಲ್ಕನೆಯದು ಡ್ರಾ. ಐದನೆಯದರಲ್ಲಿ ಸ್ಪಾಸ್ಕಿ 27ನೇ ನಡೆಯಲ್ಲಿ ರಾಣಿಯನ್ನು ಸಿ2ಕ್ಕೆ ಒಯ್ದು, ಮರುಕ್ಷಣವೇ ಸೋಲೊಪ್ಪಬೇಕಾಯಿತು. ಹೀಗೆ 2½-2½ ಆದ ಮೇಲೆ ಆರನೇ ಆಟಕ್ಕೆ ಕುಳಿತ ವ್ಯಕ್ತಿಯ ಮನಃಸ್ಥಿತಿ ಹೇಗಿದ್ದೀತು?

ಅದರ ಮೇಲೆ ಮೊದಲ ನಡೆಯೇ ಸಿ4! ಬಾಲ್ಯದಿಂದ ಇ4ಕ್ಕೇ ನಿಷ್ಠರಾಗಿದ್ದ ಫಿಶರ್ ಇ4 ಆಡುತ್ತಾರೆ ಎಂದೇ ಸೋವಿಯತ್ ಪಾಳೆಯದ ತಯಾರಿ ನಡೆದಿದ್ದೀತು. ಇಡೀ ತಯಾರಿಯನ್ನು ಒಂದೇ ನಡೆಯಿಂದ ಪಕ್ಕಕ್ಕೆ ಸರಿಸಿದ್ದು ನನ್ನ ಮಟ್ಟಿಗೆ ಆ ಆಟದ ನಿರ್ಣಾಯಕ ಘಟನೆ. 14ನೇ ನಡೆಯೂ ಅಲ್ಲ, 20ನೆಯದೂ ಅಲ್ಲ, ಮೊದಲನೆಯದು.

ಮೂರನೇಸಾಲು

ಕಪ್ಪುರಾಜ ಅವರೇ, ಅಚ್ಚರಿಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದನ್ನು ಅತಿಯಾಗಿ ಹಿಗ್ಗಿಸಬಾರದು. 1970ರ ಪಾಲ್ಮಾ ಇಂಟರ್‌ಜೋನಲ್‌ನಲ್ಲಿಯೇ ಫಿಶರ್, ಪೊಲುಗಾಯೆವ್ಸ್ಕಿ ವಿರುದ್ಧ 1. ಸಿ4 ಆಡಿದ್ದರು. ಅದಕ್ಕಿಂತ ಮುಖ್ಯವಾಗಿ, ಮೂರನೇ ನಡೆಯ ಹೊತ್ತಿಗೆ ಹಲಗೆಯ ಮೇಲೆ ಬಂದದ್ದು ಸ್ಪಾಸ್ಕಿ ಚೆನ್ನಾಗಿ ಬಲ್ಲ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಟಾರ್ಟಾಕೋವರ್ ರಕ್ಷಣೆ ಸೇರಿದ ಓಪನಿಂಗ್. ಟಾರ್ಟಾಕೋವರ್ ರಕ್ಷಣೆಯಲ್ಲಿ ಅವರು ಅದುವರೆಗೆ ಸೋತೇ ಇರಲಿಲ್ಲ ಎಂದು ಬರೆಯುವವರು ಅನೇಕರು. ಈ ರಕ್ಷಣೆಯನ್ನು ಬೆಳೆಸಿದವರಲ್ಲಿ ಒಬ್ಬರಾದ ಇಗೋರ್ ಬೊಂಡಾರೆವ್ಸ್ಕಿ ಅವರೇ ಸ್ಪಾಸ್ಕಿಯ ತರಬೇತುದಾರರಾಗಿದ್ದವರು, ಟಾರ್ಟಾಕೋವರ್ ಹೆಸರಿನ ಜೊತೆಗೆ ಮಕೊಗೊನೊವ್ ಮತ್ತು ಬೊಂಡಾರೆವ್ಸ್ಕಿ ಹೆಸರುಗಳನ್ನೂ ಸೇರಿಸಿ ಈ ರಕ್ಷಣೆಯನ್ನು ಕರೆಯುವುದುಂಟು. ತನ್ನ ಅಂಗಳದಲ್ಲಿಯೇ ಆಡುವಾಗ ಅಚ್ಚರಿಯ ಮಾತು ಎಷ್ಟು ದೂರ ಹೋದೀತು?

ಕಪ್ಪುರಾಜ

ನಿಮ್ಮ ಮಾತೇ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ತನ್ನ ಅಂಗಳದಲ್ಲಿಯೇ ಎದುರಾಳಿ ನಿಶ್ಚಿಂತೆಯಿಂದ, ಬೇಗ ಬೇಗ ನಡೆಗಳನ್ನು ಆಡುತ್ತಾ ಬಂದರೆ, ಎಲ್ಲಿ ಬಲೆಯಿದೆಯೋ ಎಂಬ ಶಂಕೆ ಮೊದಲ ನಡೆಯಿಂದಲೇ ಮನಸ್ಸಿನಲ್ಲಿ ಕೊರೆಯುತ್ತದೆ. ಸ್ಪಾಸ್ಕಿಗೆ ಬೇರೆ ಆಯ್ಕೆಯೂ ಇತ್ತು. 1969ರಲ್ಲಿ ಪೆಟ್ರೋಸಿಯನ್ ವಿರುದ್ಧ ಪಟ್ಟ ಗೆದ್ದ ಪಂದ್ಯದಲ್ಲಿ ಅವರು ಟರಾಶ್ ರಕ್ಷಣೆಯನ್ನು (ಬೇಗನೆ ಸಿ5 ಆಡುವ ಇನ್ನೊಂದು ಉತ್ತರ) ಯಶಸ್ವಿಯಾಗಿ ಬಳಸಿದ್ದರು. ಇಲ್ಲಿ 3... ಸಿ5 ಆಡಿ ಅದರ ಕಡೆಗೆ ತಿರುಗಬಹುದಿತ್ತು, ತಿರುಗಲಿಲ್ಲ. ಸುರಕ್ಷಿತವೆಂದು ತೋರಿದ್ದನ್ನು ಆರಿಸಿಕೊಂಡರು. ಪಂದ್ಯ 2-0 ಇದ್ದಾಗಿನ ಸ್ಪಾಸ್ಕಿ ಹೀಗೆ ಆಡುತ್ತಿದ್ದರೆಂದು ನಾನು ನಂಬಲಾರೆ.

ಕೊನೆಯಾಟ

ಇದು ಸ್ವಲ್ಪ ಊಹೆಯ ಕಡೆಗೆ ಹೊರಳುತ್ತಿದೆ. ನಡೆಗಳ ಬಗ್ಗೆ ನಾವು ಒಪ್ಪಬಹುದು ಅಥವಾ ಒಪ್ಪದಿರಬಹುದು, ಪರೀಕ್ಷಿಸಿ ನೋಡುವುದಕ್ಕೆ ಹಲಗೆಯಿದೆ. ಸ್ಪಾಸ್ಕಿಯ ಮನಸ್ಸನ್ನು ಪರೀಕ್ಷಿಸುವುದು ಹೇಗೆ?

ಹೊಸಕಲಿಕೆ

ನನ್ನಂಥ ಕಲಿಯುವವರಿಗೆ ಇನ್ನೊಂದು ತೊಡಕಿದೆ. 8. ಸಿ×ಡಿ5 ಆದ ಮೇಲೆ ಕಪ್ಪು ಒಂಟೆ ಬಿ7ಕ್ಕೆ ಹೋಗದೆ ಇ6ಕ್ಕೆ ಏಕೆ ಹೋಗುತ್ತದೆ? ಬಿ6 ಆಡಿದ್ದೇ ಒಂಟೆಯನ್ನು ಬಿ7ಕ್ಕೆ ತರುವುದಕ್ಕಲ್ಲವೇ? ಕಾರ್ಪೋವ್ ಆಟದಲ್ಲಿ ಅದು ಬಿ7ರಲ್ಲಿಯೇ ಇತ್ತೆಂದೂ ಹೇಳಿದ್ದೀರಿ.

ಎಂಟನೇಮನೆ

ಈ ಚರ್ಚೆಯ ಒಳ್ಳೆಯ ಪ್ರಶ್ನೆಗಳಲ್ಲಿ ಇದೂ ಒಂದು. 8ನೇ ನಡೆಯಲ್ಲಿ ಬಿಳಿ ಡಿ5ರಲ್ಲಿ ಹೊಡೆಯುವುದರ ಉದ್ದೇಶವೇ ಬಿ7ಕ್ಕೆ ಹೋಗಲಿರುವ ಒಂಟೆಯ ದಾರಿಯನ್ನು ಕೆಡಿಸುವುದು. ಸರಣಿ ವಿನಿಮಯದ ಕೊನೆಯಲ್ಲಿ ಕಪ್ಪು ಪದಾತಿ ಡಿ5ರಲ್ಲಿ ನೆಲೆಯೂರುತ್ತದೆ, ಅಂದರೆ ಬಿ7ರ ಒಂಟೆ ತನ್ನದೇ ಪದಾತಿಯ ಬೆನ್ನನ್ನು ನೋಡುತ್ತಾ ಕೂರಬೇಕು. ಆದರೆ ಅದೇ ವಿನಿಮಯದಲ್ಲಿ ಇ6ರ ಪದಾತಿ ಡಿ5ಕ್ಕೆ ಹೋದದ್ದರಿಂದ ಸಿ8ರ ಒಂಟೆಗೆ ಇನ್ನೊಂದು ಕಡೆಯ ದಾರಿ ತೆರೆಯಿತು. ಒಂಟೆ ಇನ್ನೂ ಬಿ7ಕ್ಕೆ ಹೊರಟಿಲ್ಲವಾದ್ದರಿಂದ ಕಪ್ಪು ಅದನ್ನು ಇ6ಕ್ಕೆ ತರುತ್ತದೆ. ಅಲ್ಲಿ ಅದು ಡಿ5 ಪದಾತಿಯನ್ನು ಕಾಯುತ್ತದೆ, ಸಿ5 ಆಡುವುದಕ್ಕೆ ಬೆಂಬಲವಾಗುತ್ತದೆ.

ಕಾರ್ಪೋವ್ ಆಟದಲ್ಲಿ ಕೊರ್ಚ್ನೋಯ್ 8. ಆನೆ ಸಿ1 ಒಂಟೆ ಬಿ7 9. ಒಂಟೆ ಇ2 ಕುದುರೆ ಬಿ8-ಡಿ7 ಆದ ಮೇಲಷ್ಟೇ, ಹತ್ತನೇ ನಡೆಯಲ್ಲಿ ಡಿ5ರಲ್ಲಿ ಹೊಡೆದರು. ಒಂಟೆ ಬಿ7ಕ್ಕೆ ಬಂದ ಮೇಲೆ ಅದನ್ನು ಅಲ್ಲಿಯೇ ಮುಚ್ಚಿಹಾಕುವುದು ಇದರ ಹಿಂದಿನ ಯೋಚನೆ. ಹಾಗೆ ಮುಚ್ಚಿಹೋದ ಒಂಟೆಯನ್ನೇ ಡಿ4 ನಡೆ ಬಿಡುಗಡೆ ಮಾಡಿತು ಎಂಬುದು ಆ ಆಟದ ಸೌಂದರ್ಯ.

ಮೂರನೇಸಾಲು

ಇದಕ್ಕೆ ಒಂದು ಮಾತನ್ನು ಸೇರಿಸಬೇಕು. ಟಿಮ್ಮನ್ ಮತ್ತು ಗೆಲ್ಲರ್ ಆಟದ ಬಳಿಕ 8. ಸಿ×ಡಿ5, 14. ಒಂಟೆ ಬಿ5 ದಾರಿಗೆ ಮೊದಲಿನ ಹೊಳಪು ಉಳಿಯಲಿಲ್ಲ, ಬಿಳಿಯ ಕಡೆಯವರು 8. ಒಂಟೆ ಇ2 ಅಥವಾ 8. ಒಂಟೆ ಡಿ3 ಕಡೆಗೆ ಹೆಚ್ಚು ಒಲಿದರು. 1984ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 48 ಆಟಗಳ ಬಳಿಕ ಫಲಿತಾಂಶವಿಲ್ಲದೆ ನಿಂತ ಕಾರ್ಪೋವ್-ಕಾಸ್ಪರೋವ್ ಪಂದ್ಯದಲ್ಲಿ ಇಬ್ಬರೂ ಟಾರ್ಟಾಕೋವರ್ ರಕ್ಷಣೆಯನ್ನು ಆಡಿದರು. ಒಂದು ಆಟದ ಸೋಲು ಈ ರಕ್ಷಣೆಯನ್ನು ಮುಗಿಸಿಬಿಟ್ಟಿತೆಂದಿದ್ದರೆ ಆ ಇಬ್ಬರು ಪಟ್ಟಕ್ಕಾಗಿ ಸೆಣಸುವಾಗ ಅದನ್ನು ಮುಟ್ಟುತ್ತಿರಲಿಲ್ಲ.

ಬಿಳಿಒಂಟೆ

ಹಾಗಾದರೆ ಟಾರ್ಟಾಕೋವರ್ ರಕ್ಷಣೆಯನ್ನೇ ಮುಂದುವರಿಸುತ್ತೇನೆ. ಬೆರ್ಟೋಕ್ ವಿರುದ್ಧದ ಫಿಶರ್ ಆಟ, ಗೆಲ್ಲರ್ ಆಟ, ಮೆರಾನೋದ ಮೊದಲ ಆಟ, ಈ ಮೂರನ್ನೂ ಕಪ್ಪಿನ ಕಡೆಯಿಂದ ಹಲಗೆಯ ಮೇಲೆ ನಿಧಾನವಾಗಿ ಆಡಿ ನೋಡುವುದು ನನ್ನ ಮುಂದಿನ ಕೆಲಸ. ಆರನೇ ಆಟದ ಕಾರಣವನ್ನು ಕುರಿತು ನನಗೆ ಮೂರನೇಸಾಲು ಅವರ ವಾದವೇ ಹೆಚ್ಚು ಸಮೀಪವೆನಿಸುತ್ತದೆ, ಏಕೆಂದರೆ ಇಪ್ಪತ್ತನೇ ನಡೆಯ ತಪ್ಪಿಗೆ ಅವಕಾಶ ಮಾಡಿಕೊಟ್ಟದ್ದು ಮೂಲೆ ಸೇರಿದ ಆ ಆನೆ ಮತ್ತು ಕಟ್ಟಿನಲ್ಲೇ ಉಳಿದ ರಾಣಿ. ಇನ್ನೊಂದು ವಿಷಯ ಮಾತ್ರ ಉಳಿಯಿತು. ಬಿಳಿ 8. ಒಂಟೆ ಇ2 ಆಡಿ, ಆಮೇಲೆ ಎಫ್6ರ ಕುದುರೆಯನ್ನು ಒಂಟೆಯಿಂದ ಹೊಡೆದರೆ ಕಪ್ಪು ಯಾವ ಯೋಜನೆ ಹಿಡಿಯಬೇಕು?

ಗಡಿಯಾರ

ಸಿ4 ಆಡಬಹುದಿತ್ತು ಎಂಬ ನನ್ನ ಮಾತನ್ನು ಬಿಳಿಒಂಟೆ ಅವರು ಬದಿಗಿಟ್ಟದ್ದಕ್ಕೆ ನನ್ನ ವಿರೋಧವಿದೆ. ಸೋಲಿನ ಅಂಚಿಗೆ ಬರುವುದು ಒಂದು, ಅಂಚಿನಿಂದ ಕೆಳಗೆ ಕಾಲಿಡುವುದು ಇನ್ನೊಂದು.

ಎಂಟನೇಮನೆ

8. ಒಂಟೆ ಇ2 ಒಂಟೆ ಬಿ7 9. ಒಂಟೆ×ಎಫ್6 ಒಂಟೆ×ಎಫ್6 10. ಸಿ×ಡಿ5 ಇ×ಡಿ5 ಎಂಬುದು ಆ ದಾರಿಯ ಮುಖ್ಯ ಸಾಲು, ಕಾರ್ಪೋವ್ ಮತ್ತು ಕಾಸ್ಪರೋವ್ ಆಡಿದ್ದೂ ಇದನ್ನೇ. ಬಿಳಿ ತನ್ನ ಒಂಟೆಜೋಡಿಯನ್ನು ಬಿಟ್ಟುಕೊಡುತ್ತದೆ, ಪ್ರತಿಯಾಗಿ ಬಿ7ರ ಒಂಟೆಯನ್ನು ಡಿ5 ಪದಾತಿಯ ಹಿಂದೆ ಮುಚ್ಚಿಡುತ್ತದೆ. ಮುಂದೆ ಬಿ4 ಆಡಿ ಸಿ5 ನಡೆಗೆ ಅಡ್ಡಿಯೊಡ್ಡುವುದು ಬಿಳಿಯ ಆಶಯ. ಅಲ್ಲಿ ಕಪ್ಪಿನ ಮುಂದೆ ಎರಡು ದಾರಿಗಳಿವೆ. ಅಡ್ಡಿಯನ್ನು ಲೆಕ್ಕಿಸದೆ ಸಿ5 ಆಡಿದರೆ 12. ಬಿ×ಸಿ5 ಬಿ×ಸಿ5 13. ಆನೆ ಬಿ1 ಎಂದು ಬಿ ನೇರಸಾಲಿನಲ್ಲಿ ಒತ್ತಡ ಬರುತ್ತದೆ, ಆದರೆ ಎಫ್6ರ ಒಂಟೆ ಡಿ4ರ ಮೇಲೆ ಹಿಡಿತ ಪಡೆಯುತ್ತದೆ, ಕಾಯಿಗಳಿಗೆ ಓಡಾಟ ಸಿಗುತ್ತದೆ. ಸಿ6 ಆಡಿದರೆ ಸ್ಥಿತಿ ಗಟ್ಟಿ, ಆದರೆ ಬಿ7ರ ಒಂಟೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಚುರುಕಾದ ಆಟ ನಿಮಗೆ ಒಗ್ಗುವುದಾದರೆ ಸಿ5ರಿಂದ ಆರಂಭಿಸಿ, ಸಿ6 ಸಾಲನ್ನು ಆಮೇಲೆ ನೋಡಿಕೊಳ್ಳಬಹುದು.